ಭಾಗಿಸುವ ಮೊದಲು ಸೊನ್ನೆ ಎಲ್ಲಿದೆ ನೋಡಿ: ಅಂತರ ಮಾಪಕ, ಅನುಪಾತ ಮಾಪಕ

ಮಳೆಗಾಲ ಬಂತೆಂದರೆ ಪತ್ರಿಕೆಯ ಒಂದು ಮೂಲೆಯಲ್ಲಿ ಜಲಾಶಯಗಳ ಪಟ್ಟಿ ಕಾಣಿಸುತ್ತದೆ. ಗರಿಷ್ಠ ಮಟ್ಟದ ಸಾಲು ಹೀಗಿರುತ್ತದೆ: ಕೆಆರ್‌ಎಸ್ 124.80 ಅಡಿ, ತುಂಗಭದ್ರಾ 1633 ಅಡಿ, ಲಿಂಗನಮಕ್ಕಿ 1819 ಅಡಿ, ಆಲಮಟ್ಟಿ 519.60 ಮೀಟರ್. ಚಿಕ್ಕವನಿದ್ದಾಗ ಇದನ್ನು ಓದಿ, ಲಿಂಗನಮಕ್ಕಿ ಡ್ಯಾಂ ಕನ್ನಂಬಾಡಿ ಕಟ್ಟೆಗಿಂತ ಹದಿನಾಲ್ಕೂವರೆ ಪಟ್ಟು ಆಳ ಅಂತ ಲೆಕ್ಕ ಹಾಕಿದ್ದೆ. ಪುಣ್ಯಕ್ಕೆ ಯಾರ ಮುಂದೆಯೂ ಹೇಳಲಿಲ್ಲ.

ಲೆಕ್ಕದಲ್ಲಿ ತಪ್ಪಿರಲಿಲ್ಲ. 1819ನ್ನು 124.80ರಿಂದ ಭಾಗಿಸಿದರೆ ಹದಿನಾಲ್ಕೂವರೆಯೇ ಬರುತ್ತದೆ. ಆದರೆ ಆ ಭಾಗಾಕಾರ ಮಾಡಲೇಬಾರದಿತ್ತು. ಕೆಆರ್‌ಎಸ್‌ನ ಅಡಿಯನ್ನು ಎಣಿಸುವುದು ಕಟ್ಟೆಯ ಬುಡದ ಕಡೆಯಿಂದ. ಲಿಂಗನಮಕ್ಕಿಯ ಅಡಿಯನ್ನು ಎಣಿಸುವುದು ಸಮುದ್ರಮಟ್ಟದಿಂದ. ಶರಾವತಿ ಹರಿಯುವ ಜಾಗವೇ ಸಮುದ್ರಕ್ಕಿಂತ ಸಾವಿರದೈನೂರು ಅಡಿಗೂ ಮೇಲಿದ್ದರೆ, ಆ ಎತ್ತರವೂ ಸಂಖ್ಯೆಯೊಳಗೆ ಸೇರಿಕೊಂಡಿರುತ್ತದೆ, ಅಲ್ವಾ?

ಸಂಶೋಧನಾ ವಿಧಾನದ ಪೇಪರ್ ಓದುವವರು, ಪ್ರಾಜೆಕ್ಟ್‌ಗೆ ಸರ್ವೆ ಮಾಡುವವರು, ಎಕ್ಸೆಲ್‌ನಲ್ಲಿ ಅಂಕಿಅಂಶ ಹಿಡಿದು ಕೂತವರು ಕೊನೆಗೆ ಬಂದು ಸಿಕ್ಕಿಕೊಳ್ಳುವುದು ಇಲ್ಲೇ. ಅಂತರ ಮಾಪಕ, ಅನುಪಾತ ಮಾಪಕ ಅಂತ ಎರಡು ಹೆಸರನ್ನು ಬಾಯಿಪಾಠ ಮಾಡಿರುತ್ತಾರೆ. ಕೈಯಲ್ಲಿರುವ ಸಂಖ್ಯೆ ಯಾವುದಕ್ಕೆ ಸೇರಿದ್ದು ಅಂತ ಕೇಳಿದರೆ ತಡವರಿಸುತ್ತಾರೆ. ಅದನ್ನು ಕಂಡುಹಿಡಿಯುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲು ಹೆಸರುಗಳನ್ನು ಮುಗಿಸಿಬಿಡುವ. 1946ರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ ಅವರು ಸೈನ್ಸ್ ಪತ್ರಿಕೆಯಲ್ಲಿ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಬಸ್ಸಿನ ರೂಟ್ ನಂಬರಿನಂತೆ ಬರೀ ಗುರುತಿಗೆ ಇರುವುದು ನಾಮ ಮಾಪಕ. ಓಟದಲ್ಲಿ ಮೊದಲನೆಯವರು, ಎರಡನೆಯವರು ಅನ್ನುವಂಥದ್ದು ಕ್ರಮ ಮಾಪಕ. ಒಂದೊಂದು ಮೆಟ್ಟಿಲೂ ಸಮ ಅಳತೆಯದ್ದಾಗಿದ್ದು, ಸೊನ್ನೆ ಮಾತ್ರ ನಾವೇ ಇಟ್ಟುಕೊಂಡದ್ದಾದರೆ ಅಂತರ ಮಾಪಕ. ಮೆಟ್ಟಿಲೂ ಸಮ, ಸೊನ್ನೆಯೂ ನಿಜವಾದ 'ಏನೂ ಇಲ್ಲ' ಅನ್ನುವುದಾದರೆ ಅನುಪಾತ ಮಾಪಕ. ಕಾಲೇಜಿನಲ್ಲಿ ಕೊನೆಯ ಈ ಎರಡನ್ನೇ ಇಂಟರ್ವಲ್, ರೇಶಿಯೋ ಅಂತ ಕರೆಯುತ್ತಾರೆ. ಮೊದಲೆರಡನ್ನು ಇಲ್ಲಿಗೆ ಬಿಡೋಣ.

ಹೆಜ್ಜೆ 1: ಸೊನ್ನೆಯನ್ನು ಇಟ್ಟವರು ಯಾರು?

ನಿಮ್ಮ ಸಂಖ್ಯೆಯನ್ನು ಎದುರಿಗಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿ: ಇದು ಸೊನ್ನೆ ಆದಾಗ ಆ ವಸ್ತು ಇಲ್ಲವೇ ಇಲ್ಲ ಅಂತಾಗುತ್ತದೆಯೇ?

ಅಕ್ಕಿ 0 ಕೆಜಿ ಅಂದರೆ ಅಕ್ಕಿ ಇಲ್ಲ. ಮಳೆ 0 ಮಿಲಿಮೀಟರ್ ಅಂದರೆ ಮಳೆ ಬಂದಿಲ್ಲ. ಒಳಹರಿವು 0 ಕ್ಯುಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ಅನ್ನುವ ಲೆಕ್ಕ) ಅಂದರೆ ನೀರು ಬರುತ್ತಿಲ್ಲ. ಇವೆಲ್ಲ ಅನುಪಾತ ಮಾಪಕ.

0 ಡಿಗ್ರಿ ಸೆಲ್ಸಿಯಸ್ ಅಂದರೆ ಬಿಸಿಯೇ ಇಲ್ಲ ಅಂತಲ್ಲ. ನೀರು ಹೆಪ್ಪುಗಟ್ಟುವ ಜಾಗಕ್ಕೆ ನಾವು ಸೊನ್ನೆ ಅಂತ ಹೆಸರಿಟ್ಟಿದ್ದೇವೆ, ಅಷ್ಟೇ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಈ ಅಳತೆ ಮಾಡಿದಾಗ ನೀರು ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100 ಅಂತ ಇಟ್ಟಿದ್ದರು. ಆಮೇಲೆ ಅದನ್ನು ತಿರುಗಿಸಿದರು. ತಲೆಕೆಳಗು ಮಾಡಿದರೂ ಕೆಲಸ ನಡೆಯುವ ಸೊನ್ನೆ ಅದು. ಫ್ಯಾರನ್‌ಹೈಟ್ ತಮ್ಮ ಸೊನ್ನೆಯನ್ನು ಇಟ್ಟದ್ದು ಐಸು, ನೀರು, ಉಪ್ಪು ಬೆರೆತ ಮಿಶ್ರಣದ ತಂಪಿಗೆ. ಅವರವರ ಅನುಕೂಲ.

1848ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಯಾವ ಒಂದು ವಸ್ತುವಿನ ಗುಣಕ್ಕೂ ಕಟ್ಟುಬೀಳದ ಉಷ್ಣತೆಯ ಅಳತೆ ಬೇಕು ಅಂತ ಪ್ರಸ್ತಾಪ ಇಟ್ಟರು. ಇವತ್ತಿನ ಕೆಲ್ವಿನ್ ಅಳತೆಯ ಸೊನ್ನೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ. ಅದಕ್ಕಿಂತ ಕೆಳಗೆ ಇಳಿಯಲು ಜಾಗವೇ ಇಲ್ಲ. ಹಾಗಾಗಿ ಸೆಲ್ಸಿಯಸ್ ಅಂತರ ಮಾಪಕ, ಕೆಲ್ವಿನ್ ಅನುಪಾತ ಮಾಪಕ. ಅಳೆಯುವುದು ಎರಡೂ ಉಷ್ಣತೆಯನ್ನೇ.

ಹೆಜ್ಜೆ 2: ಸೊನ್ನೆಯನ್ನು ಜರುಗಿಸಿ ನೋಡಿ

ಅನುಮಾನ ಉಳಿದರೆ ಈ ಪರೀಕ್ಷೆ ಮಾಡಿ. ಒಂದೂರಲ್ಲಿ 20 ಡಿಗ್ರಿ, ಇನ್ನೊಂದೂರಲ್ಲಿ 40 ಡಿಗ್ರಿ ಸೆಲ್ಸಿಯಸ್ ಇದೆ ಅಂತಿಟ್ಟುಕೊಳ್ಳಿ. ಎರಡು ಪಟ್ಟು ಬಿಸಿ ಅನ್ನಲು ನಾಲಿಗೆ ತುದಿಗೆ ಬರುತ್ತದೆ. ಫ್ಯಾರನ್‌ಹೈಟ್‌ಗೆ ಬದಲಾಯಿಸಿ. 20 ಡಿಗ್ರಿ 68 ಆಯಿತು, 40 ಡಿಗ್ರಿ 104 ಆಯಿತು. ಭಾಗಿಸಿದರೆ ಒಂದೂವರೆ ಪಟ್ಟು ಮಾತ್ರ. ಕೆಲ್ವಿನ್‌ಗೆ ಬದಲಾಯಿಸಿದರೆ 293.15 ಮತ್ತು 313.15. ಈಗ ಶೇ 7ರಷ್ಟೂ ಜಾಸ್ತಿ ಇಲ್ಲ. ಊರು ಅದೇ, ಬಿಸಿಲೂ ಅದೇ. 'ಪಟ್ಟು' ಮಾತ್ರ ಮೂರು ಬಗೆ ಆಯಿತು. ಅಂದರೆ ಆ ಮಾತಿಗೆ ಅರ್ಥವೇ ಇರಲಿಲ್ಲ.

ವ್ಯತ್ಯಾಸಗಳನ್ನು ಹೀಗೇ ಪರೀಕ್ಷಿಸಿದರೆ ಬೇರೆ ಫಲಿತಾಂಶ ಸಿಗುತ್ತದೆ. ಬೆಳಿಗ್ಗೆ 20 ಇದ್ದದ್ದು ಮಧ್ಯಾಹ್ನ 30 ಆಯಿತು, ಅಲ್ಲಿಂದ 35 ಆಯಿತು. ಮೊದಲ ಏರಿಕೆ 10 ಡಿಗ್ರಿ, ಎರಡನೆಯದು 5 ಡಿಗ್ರಿ. ಫ್ಯಾರನ್‌ಹೈಟ್‌ನಲ್ಲಿ 18 ಮತ್ತು 9. ಎರಡರಲ್ಲೂ ಮೊದಲ ಏರಿಕೆ ಎರಡನೆಯದರ ದುಪ್ಪಟ್ಟು. ಅಂತರ ಮಾಪಕಕ್ಕೆ ಆ ಹೆಸರು ಬಂದದ್ದೇ ಇದಕ್ಕೆ: ಅಂತರಗಳನ್ನು ಒಂದಕ್ಕೊಂದು ಧೈರ್ಯವಾಗಿ ಹೋಲಿಸಬಹುದು, ಭಾಗಿಸಲೂಬಹುದು. ಸಂಖ್ಯೆಗಳನ್ನೇ ನೇರವಾಗಿ ಭಾಗಿಸುವ ಹಾಗಿಲ್ಲ.

ಇಲ್ಲೊಂದು ಹಳ್ಳ ಇದೆ, ಹುಷಾರು. ಕೆಲವರು ಈ ಪರೀಕ್ಷೆಯನ್ನು 'ಯೂನಿಟ್ ಬದಲಾಯಿಸಿ ನೋಡಿ' ಅಂತ ಹೇಳಿಕೊಡುತ್ತಾರೆ. ಅಷ್ಟು ಸಾಲದು. ಲಿಂಗನಮಕ್ಕಿಯ 1819 ಅಡಿಯನ್ನೂ ತುಂಗಭದ್ರೆಯ 1633 ಅಡಿಯನ್ನೂ ಮೀಟರಿಗೆ ಬದಲಾಯಿಸಿ ಭಾಗಿಸಿ. ಉತ್ತರ ಒಂದಿಷ್ಟೂ ಬದಲಾಗುವುದಿಲ್ಲ. ಹಾಗಂತ ಅದು ನೀರಿನ ಆಳದ ಅನುಪಾತ ಆಗಿಬಿಡುವುದಿಲ್ಲ. ಅಡಿಯಲ್ಲಾಗಲಿ ಮೀಟರಲ್ಲಾಗಲಿ ಸೊನ್ನೆ ಅದೇ ಸಮುದ್ರಮಟ್ಟದಲ್ಲೇ ಕೂತಿದೆ. ಬದಲಾಯಿಸಬೇಕಾದ್ದು ಸೊನ್ನೆಯನ್ನು. ಸಮುದ್ರಮಟ್ಟದ ಬದಲು ಡ್ಯಾಮಿನ ಬುಡದಿಂದ ಅಳೆದರೆ ಏನಾಗುತ್ತದೆ ಅಂತ ಕೇಳಿ. ಆಗ ಗುಟ್ಟು ಹೊರಬೀಳುತ್ತದೆ.

ಲಿಂಗನಮಕ್ಕಿಯ ಬುಡ ಸಮುದ್ರಮಟ್ಟದಿಂದ 1500 ಅಡಿಗೂ ಮೇಲಿದೆ. ಸಮುದ್ರಮಟ್ಟದ ಅಡಿಯನ್ನು ಹಿಡಿದು ಶೇಕಡಾ ತೆಗೆದರೆ, ಡ್ಯಾಮಿನಲ್ಲಿ ಒಂದು ಹನಿ ನೀರಿಲ್ಲದ ದಿನವೂ 'ಶೇ 80ಕ್ಕಿಂತ ಜಾಸ್ತಿ ತುಂಬಿದೆ' ಅಂತ ಬರೆಯಬೇಕಾಗುತ್ತದೆ.

ಹೆಜ್ಜೆ 3: ಏನನ್ನು ಅಳೆಯುತ್ತಿದ್ದೀರಿ ಅಂತ ಬಾಯಿಬಿಟ್ಟು ಹೇಳಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹೆಚ್ಚಿನವರು ದಾಟಿಹೋಗುವುದೂ ಇದನ್ನೇ. ಮಾಪಕದ ಜಾತಿ ಸಂಖ್ಯೆಯ ಮೇಲೆ ಬರೆದಿರುವುದಿಲ್ಲ. ಆ ಸಂಖ್ಯೆಯಿಂದ ನೀವು ಏನನ್ನು ತಿಳಿಯಬೇಕು ಅನ್ನುವುದರ ಮೇಲೆ ಅದು ಬದಲಾಗುತ್ತದೆ.

ಕೆಆರ್‌ಎಸ್‌ಗೆ ಬನ್ನಿ. ಅದರ ಅಡಿ ಬುಡದ ಕಡೆಯಿಂದಲೇ ಶುರುವಾಗುತ್ತದಲ್ಲ, ಹಾಗಾದರೆ ಅದು ಅನುಪಾತ ಮಾಪಕವೇ ಅಲ್ವಾ? ಎತ್ತರದ ಮಾತಾದರೆ ಹೌದು ಅನ್ನೋಣ. ಆದರೆ ಮಂಡ್ಯದ ರೈತ 'ಎಷ್ಟು ಅಡಿ ಆಯ್ತು?' ಅಂತ ಕೇಳುವುದು ಎತ್ತರ ತಿಳಿಯಲಿಕ್ಕಲ್ಲ. ಎಷ್ಟು ನೀರಿದೆ, ನಾಲೆಗೆ ಬಿಡುತ್ತಾರೋ ಇಲ್ಲವೋ ಅಂತ ತಿಳಿಯಲಿಕ್ಕೆ.

100 ಅಡಿಯನ್ನು 124.80ರಿಂದ ಭಾಗಿಸಿ. ಶೇ 80 ಬರುತ್ತದೆ. ಪರವಾಗಿಲ್ಲ, ಮುಕ್ಕಾಲಿಗಿಂತ ಜಾಸ್ತಿ ತುಂಬಿದೆ ಅಂತ ನೆಮ್ಮದಿ. ಆದರೆ 100 ಅಡಿ ಇರುವಾಗ ಕಟ್ಟೆಯಲ್ಲಿ ಪೂರ್ತಿ ಸಾಮರ್ಥ್ಯದ ಅರ್ಧದಷ್ಟೂ ನೀರು ಇರುವುದಿಲ್ಲ. ಕಾರಣ ಸರಳ. ಕಟ್ಟೆಯ ಹಿಂದಿನ ಜಾಗ ಬಕೆಟ್ಟಿನಂತೆ ನೆಟ್ಟಗಿಲ್ಲ. ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ತಟ್ಟೆಯ ತರಹ ಹರಡಿಕೊಂಡಿದೆ. ಒಟ್ಟು 49.45 ಟಿಎಂಸಿಯನ್ನು 124.80 ಅಡಿಗೆ ಹಂಚಿದರೆ ಒಂದು ಅಡಿಗೆ ಸರಾಸರಿ 0.4 ಟಿಎಂಸಿ. ಆದರೆ ತುಂಬುವ ಹೊತ್ತಿನ ಮೇಲಿನ ಒಂದೊಂದು ಅಡಿಗೂ ಒಂದು ಟಿಎಂಸಿಗಿಂತ ಜಾಸ್ತಿ ನೀರು ಬೇಕು.

ಅಂದರೆ ನೀರಿನ ಲೆಕ್ಕಕ್ಕೆ ಅಡಿಯನ್ನು ಹಿಡಿದರೆ ಅದು ಅನುಪಾತ ಮಾಪಕವಂತೂ ಅಲ್ಲ, ಅಂತರ ಮಾಪಕವೂ ಅಲ್ಲ. ಮೆಟ್ಟಿಲುಗಳೇ ಸಮ ಇಲ್ಲ. 110 ಅಡಿಯಲ್ಲಿ 100 ಅಡಿಗಿಂತ ಜಾಸ್ತಿ ನೀರಿದೆ ಅನ್ನಬಹುದು, ಅಷ್ಟೇ. ಬರೀ ಕ್ರಮ ಮಾಪಕ. ಒಂದೇ ಸಂಖ್ಯೆ, ಎತ್ತರಕ್ಕೆ ಒಂದು ಜಾತಿ, ನೀರಿಗೆ ಇನ್ನೊಂದು ಜಾತಿ.

ತುಂಗಭದ್ರೆ ಇದಕ್ಕೆ ಇನ್ನೊಂದು ಸಾಕ್ಷಿ. ಅಲ್ಲಿ ಗರಿಷ್ಠ ಮಟ್ಟ ಅವತ್ತೂ 1633 ಅಡಿ, ಇವತ್ತೂ 1633 ಅಡಿ. ಆದರೆ ಶುರುವಿನಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳು ತುಂಬಿ 105.78 ಟಿಎಂಸಿಗೆ ಇಳಿದಿದೆ. ಅಡಿ ನೋಡಿದವರಿಗೆ ಏನೂ ಬದಲಾಗಿಲ್ಲ.

ನೀರಿನ ಪ್ರಶ್ನೆಗೆ ಟಿಎಂಸಿಯೇ ಸರಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2830 ಕೋಟಿ ಲೀಟರ್. 40 ಟಿಎಂಸಿ 20 ಟಿಎಂಸಿಯ ಎರಡು ಪಟ್ಟು. ಲೀಟರಿನಲ್ಲಿ ಹೇಳಿದರೂ ಎರಡು ಪಟ್ಟೇ.

ಅಷ್ಟಕ್ಕೇ ಬಿಡುವ ಹಾಗೂ ಇಲ್ಲ ನೋಡಿ. ಕೆಆರ್‌ಎಸ್‌ನ ತಳದಲ್ಲಿ ಸುಮಾರು 4.4 ಟಿಎಂಸಿ ಬಳಕೆಗೆ ಸಿಗದ ನೀರು. ಡೆಡ್ ಸ್ಟೋರೇಜ್ ಅಂತಾರೆ. ಒಟ್ಟು 20 ಟಿಎಂಸಿ ಇದ್ದರೆ ಬಳಸಲು ಸಿಗುವುದು 15.6. ಒಟ್ಟು 40 ಇದ್ದರೆ 35.6. ಒಟ್ಟು ನೀರು ಎರಡು ಪಟ್ಟಾದಾಗ ಬಳಸಬಹುದಾದ ನೀರು ಸುಮಾರು ಎರಡೂಕಾಲು ಪಟ್ಟು ಆಗಿರುತ್ತದೆ. ಎರಡೂ ಅನುಪಾತ ಮಾಪಕವೇ. ಎರಡರ ಸೊನ್ನೆಯೂ ನಿಜವಾದದ್ದೇ, ಆದರೆ ಬೇರೆ ಬೇರೆ ವಸ್ತುವಿನ ಸೊನ್ನೆ. ಅದಕ್ಕೇ ಹೇಳಿದ್ದು, ಏನನ್ನು ಅಳೆಯುತ್ತಿದ್ದೀರಿ ಅಂತ ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ಕ್ಯಾಲ್ಕುಲೇಟರ್ ಹಿಡಿಯಿರಿ.

ಹೆಜ್ಜೆ 4: ಯಾವ ಲೆಕ್ಕ ಮಾಡಬಹುದು, ಯಾವುದು ಬೇಡ

ಅಂತರ ಮಾಪಕ ಅಂದ ಕೂಡಲೇ ಕೈಕಟ್ಟಿ ಕೂರಬೇಕಿಲ್ಲ. ಕೂಡಿ ಸರಾಸರಿ ತೆಗೆಯಿರಿ. ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಸಂಖ್ಯೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವುದನ್ನು ತೆಗೆಯಿರಿ. ಕೋರಿಲೇಶನ್, ಟಿ-ಟೆಸ್ಟ್, ರಿಗ್ರೆಶನ್ ಎಲ್ಲ ನಡೆಯುತ್ತದೆ. ಅವುಗಳ ಒಳಗೆ ನಡೆಯುವುದು ವ್ಯತ್ಯಾಸಗಳ ಕೆಲಸ. ಬೇಡವಾದದ್ದು ಮೂರ್ನಾಲ್ಕೇ: 'ಇಷ್ಟು ಪಟ್ಟು' ಅನ್ನುವುದು, 'ಶೇಕಡಾ ಇಷ್ಟು ಏರಿತು' ಅನ್ನುವುದು, ಗುಣೋತ್ತರ ಸರಾಸರಿ, ಮತ್ತೆ ಕೋಎಫಿಶಿಯಂಟ್ ಆಫ್ ವೇರಿಯೇಶನ್, ಅಂದರೆ ಡೀವಿಯೇಶನ್ನನ್ನು ಸರಾಸರಿಯಿಂದ ಭಾಗಿಸಿ ತೆಗೆದ ಶೇಕಡಾ. ಅನುಪಾತ ಮಾಪಕದಲ್ಲಿ ಇವೆಲ್ಲವೂ ನಡೆಯುತ್ತವೆ.

ಕೊನೆಯದರಲ್ಲಿ ಜಾರಿಬೀಳುವವರು ಜಾಸ್ತಿ. ಯಾಕೆಂದರೆ ಅದರೊಳಗಿನ ಭಾಗಾಕಾರ ಕಣ್ಣಿಗೆ ಕಾಣುವುದಿಲ್ಲ. ಮೂರು ದಿನದ ಉಷ್ಣತೆ 20, 25, 30 ಡಿಗ್ರಿ ಸೆಲ್ಸಿಯಸ್. ಸರಾಸರಿ 25, ಡೀವಿಯೇಶನ್ 5, ಹಾಗಾಗಿ ಕೋಎಫಿಶಿಯಂಟ್ ಶೇ 20. ಅದೇ ಮೂರು ದಿನ ಫ್ಯಾರನ್‌ಹೈಟ್‌ನಲ್ಲಿ 68, 77, 86. ಸರಾಸರಿ 77, ಡೀವಿಯೇಶನ್ 9, ಕೋಎಫಿಶಿಯಂಟ್ ಶೇ 11.7. ಇದನ್ನಿಟ್ಟುಕೊಂಡು 'ನಮ್ಮೂರಿನ ಹವೆ ನಿಮ್ಮೂರಿಗಿಂತ ಜಾಸ್ತಿ ಏರುಪೇರು' ಅಂತ ಪ್ರಬಂಧ ಬರೆದರೆ ಥರ್ಮಾಮೀಟರ್ ಬದಲಾದ ದಿನ ತೀರ್ಮಾನವೂ ಬದಲಾಗುತ್ತದೆ.

ಹವಾಮಾನ ಇಲಾಖೆ ಇದನ್ನು ಹೇಗೆ ನಿಭಾಯಿಸುತ್ತದೆ ಗಮನಿಸಿದ್ದೀರಾ? ಮಳೆಯ ಸುದ್ದಿಯಲ್ಲಿ 'ವಾಡಿಕೆಗಿಂತ ಶೇ 20 ಕಡಿಮೆ' ಅಂತ ಬರುತ್ತದೆ. ಬಿಸಿಲಿನ ಸುದ್ದಿಯಲ್ಲಿ 'ವಾಡಿಕೆಗಿಂತ 3 ಡಿಗ್ರಿ ಜಾಸ್ತಿ' ಅಂತ ಬರುತ್ತದೆ, ಶೇಕಡಾ ಬರುವುದಿಲ್ಲ. ಬಿಸಿಗಾಳಿ ಘೋಷಿಸುವ ನಿಯಮದಲ್ಲೂ ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಏರಿಕೆ ಅಂತಲೇ ಇದೆ. ಮಳೆಯ ಮಿಲಿಮೀಟರಿಗೆ ನಿಜವಾದ ಸೊನ್ನೆ ಇದೆ, ಸೆಲ್ಸಿಯಸ್‌ಗೆ ಇಲ್ಲ. ನಿಮ್ಮ ವರದಿಗೂ ಇದೇ ಪದ್ಧತಿ ಹಿಡಿಯಿರಿ.

ಹೆಜ್ಜೆ 5: ಗೊಂದಲ ಮಾಡುವ ಕೆಲವನ್ನು ಮೊದಲೇ ಗುರುತಿಸಿಕೊಳ್ಳಿ

ಇಸವಿ ಅಂತರ ಮಾಪಕ, ವಯಸ್ಸು ಅನುಪಾತ ಮಾಪಕ. ಮೈಸೂರು ರಾಜ್ಯದ ಏಕೀಕರಣ ಆದದ್ದು 1956ರ ನವೆಂಬರ್ 1ಕ್ಕೆ, ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಶಾಲಿವಾಹನ ಶಕೆಯಲ್ಲಿ ಇವು 1878 ಮತ್ತು 1895. ಯಾವ ಪಂಚಾಂಗ ಹಿಡಿದರೂ ನಡುವೆ 17 ವರ್ಷ. 1973ನ್ನು 1956ರಿಂದ ಭಾಗಿಸಿ ಯಾರೂ ನೋಡುವುದಿಲ್ಲ, ನೋಡಲೂಬಾರದು. ಆದರೆ 17 ವರ್ಷ ಎಂಟೂವರೆ ವರ್ಷದ ದುಪ್ಪಟ್ಟು ಅನ್ನುವುದರಲ್ಲಿ ತಕರಾರಿಲ್ಲ. ಗಡಿಯಾರವೂ ಹಾಗೇ. ನಾಲ್ಕು ಗಂಟೆ ಎರಡು ಗಂಟೆಯ ದುಪ್ಪಟ್ಟಲ್ಲ. ನಾಲ್ಕು ಗಂಟೆ ಹೊತ್ತು ಕಾಯುವುದು ಎರಡು ಗಂಟೆ ಕಾಯುವುದರ ದುಪ್ಪಟ್ಟು, ಸರ್ಕಾರಿ ಕಚೇರಿಯಲ್ಲಿ ಕೂತರೆ ಇನ್ನೂ ಜಾಸ್ತಿ ಅನಿಸಬಹುದು.

ಪರೀಕ್ಷೆಯ ಅಂಕ ಸ್ವಲ್ಪ ನಾಜೂಕು. ಸರಿ ಉತ್ತರಗಳ ಎಣಿಕೆ ಅಂತ ನೋಡಿದರೆ 80 ಅಂಕ 40ರ ಎರಡು ಪಟ್ಟು. ತಿಳಿವಳಿಕೆಯ ಅಳತೆ ಅಂತ ನೋಡಿದರೆ ಅಲ್ಲ. ಗಣಿತದಲ್ಲಿ ಸೊನ್ನೆ ಬಂದ ಹುಡುಗನಿಗೆ ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಬರುತ್ತದೆ. ಐಕ್ಯೂ ಕೂಡ ಹೀಗೇ. ಅಲ್ಲಿ ಸರಾಸರಿಯನ್ನು 100 ಅಂತ, ಹರವನ್ನು 15 ಅಂತ ಬೇಕೆಂದೇ ಹೊಂದಿಸಿಟ್ಟಿರುತ್ತಾರೆ. 140 ಬಂದವರು 70 ಬಂದವರಿಗಿಂತ ಎರಡು ಪಟ್ಟು ಬುದ್ಧಿವಂತರು ಅನ್ನುವುದು ಸುಮ್ನೆ ಮಾತು.

ಸರ್ವೆಯಲ್ಲಿ 1ರಿಂದ 5ರವರೆಗೆ ಗುರುತು ಹಾಕಿಸುತ್ತೀರಲ್ಲ, 'ಪೂರ್ತಿ ಒಪ್ಪುತ್ತೇನೆ', 'ಒಪ್ಪುತ್ತೇನೆ' ಅಂತ, ಅದು ನ್ಯಾಯವಾಗಿ ಕ್ರಮ ಮಾಪಕ. ಹಲವು ಪ್ರಶ್ನೆಗಳ ಅಂಕ ಕೂಡಿಸಿ ಅಂತರ ಮಾಪಕದಂತೆ ಬಳಸುವ ರೂಢಿ ಇದೆ. ಅದು ಸರಿಯೋ ತಪ್ಪೋ ಅಂತ ಜಗಳವೂ ಇದೆ. ಗೈಡ್ ಒಪ್ಪಿದರೆ ಸರಾಸರಿ ತೆಗೆಯಿರಿ. 'ಸರಾಸರಿ 2ರಿಂದ 4ಕ್ಕೆ ಏರಿತು, ತೃಪ್ತಿ ಇಮ್ಮಡಿಯಾಯಿತು' ಅಂತ ಮಾತ್ರ ಬರೆಯಬೇಡಿ. 1ರಿಂದ 5ರ ಬದಲು 0ಯಿಂದ 4ರವರೆಗೆ ಗುರುತು ಹಾಕಿಸಿದ್ದರೆ ಅದೇ ಏರಿಕೆ 1ರಿಂದ 3ಕ್ಕೆ, ಅಂದರೆ ಮೂರು ಪಟ್ಟು ಆಗುತ್ತಿತ್ತು.

ಶಬ್ದ ಅಳೆಯುವ ಡೆಸಿಬೆಲ್ ಮತ್ತು ಆಮ್ಲೀಯತೆ ಅಳೆಯುವ ಪಿಎಚ್ ಬೇರೆಯದೇ ಜಾತಿ, ಲಾಗ್ ಹಾಕಿದ ಅಳತೆಗಳು. 60 ಡೆಸಿಬೆಲ್ 30ರ ಎರಡು ಪಟ್ಟಲ್ಲ, ಶಬ್ದದ ತೀವ್ರತೆಯಲ್ಲಿ ಸಾವಿರ ಪಟ್ಟು. ಅವನ್ನು ಇಲ್ಲಿ ಬೆರೆಸುವುದು ಬೇಡ.

ಹೆಜ್ಜೆ 6: ಮಾಹಿತಿ ಕೂಡಿಸುವಾಗಲೇ ಮುಂದಾಲೋಚನೆ ಮಾಡಿ

ಒಬ್ಬ ವಿದ್ಯಾರ್ಥಿನಿ ತನ್ನ ಪ್ರಾಜೆಕ್ಟ್ ಹಿಡಿದು ನನ್ನ ಹತ್ತಿರ ಬಂದಿದ್ದಳು. 'ಸರ್, ಆದಾಯ ಎಷ್ಟು ಪಟ್ಟು ಏರಿದೆ ಅಂತ ತೋರಿಸಬೇಕು' ಅಂದಳು. ಪ್ರಶ್ನಾವಳಿ ನೋಡಿದರೆ '10 ಸಾವಿರದೊಳಗೆ', '10ರಿಂದ 25 ಸಾವಿರ', '25 ಸಾವಿರಕ್ಕಿಂತ ಮೇಲೆ' ಅಂತ ಮೂರು ಚೌಕ. ರೂಪಾಯಿ ಅನುಪಾತ ಮಾಪಕ. ಚೌಕಕ್ಕೆ ಹಾಕಿದ ಮೇಲೆ ಅದು ಕ್ರಮ ಮಾಪಕ ಆಗಿ ಕೂತಿತ್ತು. ಮನೆಮನೆ ಸುತ್ತಿ ಬಂದಾಗಿತ್ತು, ವಾಪಸ್ ಹೋಗುವಂತಿರಲಿಲ್ಲ.

ಹಾಗಾಗಿ ಆದಷ್ಟೂ ಅನುಪಾತ ಮಾಪಕದಲ್ಲೇ ಕೇಳಿ. ವಯಸ್ಸು ಎಷ್ಟು, ಜಮೀನು ಎಷ್ಟು ಗುಂಟೆ, ತಿಂಗಳಿಗೆ ಎಷ್ಟು ರೂಪಾಯಿ. ಗುಂಪು ಮಾಡುವುದನ್ನು ಆಮೇಲೆ ಮಾಡಬಹುದು. ಗುಂಪಿನಿಂದ ಸಂಖ್ಯೆ ತೆಗೆಯಲಾಗುವುದಿಲ್ಲ. ಆದಾಯವನ್ನು ನೇರವಾಗಿ ಕೇಳಿದರೆ ಜನ ಹೇಳುವುದಿಲ್ಲ ಅನ್ನುವುದೂ ನಿಜವೇ. ಅಂಥ ಕಡೆ ಚೌಕ ಇಡಿ, ಆದರೆ 'ಪಟ್ಟು' ಅನ್ನುವ ಮಾತನ್ನು ಅವತ್ತೇ ಕೈಬಿಡಿ.

ಹೆಜ್ಜೆ 7: ಸೊನ್ನೆಗೂ ಒಂದು ಕಾಲಂ ಇಡಿ

ಎಕ್ಸೆಲ್ ನಿಮ್ಮನ್ನು ತಡೆಯುವುದಿಲ್ಲ. ಇಸವಿಯನ್ನು ಇಸವಿಯಿಂದ ಭಾಗಿಸು ಅಂದರೂ ಉತ್ತರ ಕೊಡುತ್ತದೆ. ಅಂಕಿಅಂಶದ ಸಾಫ್ಟ್‌ವೇರ್ ಆದ ಎಸ್‌ಪಿಎಸ್‌ಎಸ್‌ನಲ್ಲಿ ಅಳತೆಯ ಜಾತಿ ಕೇಳುವ ಕಡೆ ನಾಮಿನಲ್, ಆರ್ಡಿನಲ್, ಸ್ಕೇಲ್ ಅಂತ ಮೂರೇ ಆಯ್ಕೆ. ಅಂತರ, ಅನುಪಾತ ಎರಡನ್ನೂ ಸ್ಕೇಲ್ ಅನ್ನುವ ಒಂದೇ ಚೀಲಕ್ಕೆ ಹಾಕಿದ್ದಾರೆ. ಆ ವ್ಯತ್ಯಾಸವನ್ನು ನೆನಪಿಡುವ ಕೆಲಸ ನಿಮ್ಮದು.

ನಾನು ಮಾಡುವುದು ಇಷ್ಟು. ಡೇಟಾ ಹಾಳೆಯ ಪಕ್ಕ ಇನ್ನೊಂದು ಹಾಳೆ ಇಟ್ಟು, ಪ್ರತಿ ಅಂಕಣಕ್ಕೂ ಒಂದು ಸಾಲು ಬರೆಯುತ್ತೇನೆ: ಹೆಸರು, ಯೂನಿಟ್, ಸೊನ್ನೆ ಎಲ್ಲಿದೆ, ಭಾಗಿಸಬಹುದೇ. ಜಲಾಶಯದ ಲೆಕ್ಕಕ್ಕಾದರೆ ಹೀಗೆ:

ಮಟ್ಟ, ಲಿಂಗನಮಕ್ಕಿ — ಅಡಿ — ಸೊನ್ನೆ ಸಮುದ್ರಮಟ್ಟದಲ್ಲಿ — ಭಾಗಿಸಬೇಡ, ಏರಿಕೆ ಇಳಿಕೆ ಮಾತ್ರ ಹೇಳು.

ಮಟ್ಟ, ಕೆಆರ್‌ಎಸ್ — ಅಡಿ — ಸೊನ್ನೆ ಬುಡದ ಕಡೆ — ನೀರಿನ ಲೆಕ್ಕಕ್ಕೆ ಭಾಗಿಸಬೇಡ.

ಸಂಗ್ರಹ — ಟಿಎಂಸಿ — ಸೊನ್ನೆ ಅಂದರೆ ನೀರಿಲ್ಲ — ಭಾಗಿಸಬಹುದು, ಒಟ್ಟೋ ಬಳಕೆಯದ್ದೋ ಬರೆ.

ಒಳಹರಿವು — ಕ್ಯುಸೆಕ್ — ಸೊನ್ನೆ ಅಂದರೆ ಹರಿವಿಲ್ಲ — ಭಾಗಿಸಬಹುದು. ಇಡೀ ದಿನ 11,574 ಕ್ಯುಸೆಕ್ ಬಂದರೆ ಒಂದು ಟಿಎಂಸಿ.

ಗರಿಷ್ಠ ಉಷ್ಣತೆ — ಡಿಗ್ರಿ ಸೆಲ್ಸಿಯಸ್ — ಸೊನ್ನೆ ನೀರು ಹೆಪ್ಪುಗಟ್ಟುವಲ್ಲಿ — ಭಾಗಿಸಬೇಡ.

ವರದಿ ಬರೆದು ಮುಗಿಸಿದ ಮೇಲೆ ಫೈಲಿನಲ್ಲಿ 'ಪಟ್ಟು', 'ಶೇ', 'ಇಮ್ಮಡಿ', 'ದುಪ್ಪಟ್ಟು' ಈ ನಾಲ್ಕು ಪದಗಳನ್ನು ಹುಡುಕಿ. ಸಿಕ್ಕ ಪ್ರತಿ ಜಾಗದಲ್ಲೂ ಈ ಹಾಳೆಯ ಕೊನೆಯ ಅಂಕಣ ನೋಡಿ. 'ಭಾಗಿಸಬೇಡ' ಅಂತಿದ್ದರೆ ವಾಕ್ಯ ತಿದ್ದಿ. 'ಡ್ಯಾಂ ಮಟ್ಟ ಶೇ 10 ಏರಿತು' ಅನ್ನುವುದು '90 ಅಡಿ ಇದ್ದದ್ದು 99 ಅಡಿ ಆಯಿತು' ಅಂತಾಗುತ್ತದೆ. ಹತ್ತು ನಿಮಿಷದ ಕೆಲಸ.